ಬಂಡೆಯ ಮೇಲಿನ ಪಾಠಶಾಲೆ: ಕರ್ನಾಟಕದ ಗ್ರಾನೈಟ್ ಬೆಟ್ಟಗಳಲ್ಲಿ ಶಿಲಾರೋಹಣ ಶಿಕ್ಷಣ

ಕಡಿದಾದ ಬಂಡೆಯನ್ನು ಕೈಕಾಲುಗಳ ಬಲದಿಂದಲೇ ಏರುತ್ತ, ಕಾಲು ಜಾರಿದಾಗ ತಡೆಯುವುದಕ್ಕೆ ಮಾತ್ರ ಹಗ್ಗವನ್ನು ನೆಚ್ಚುವ ವಿದ್ಯೆಗೆ ಶಿಲಾರೋಹಣವೆಂದು ಹೆಸರು. ಕರ್ನಾಟಕದಲ್ಲಿ ಈ ವಿದ್ಯೆ ಒಂದು ಶಿಸ್ತಿನ ಕಲಿಕೆಯಾಗಿ ನೆಲೆಗೊಳ್ಳುವುದಕ್ಕೆ ಮೂರು ಬಗೆಯ ಪ್ರಯತ್ನಗಳು ಕಾರಣವಾಗಿವೆ: ಪರ್ವತಾರೋಹಿಗಳು ತಾವೇ ಕಟ್ಟಿಕೊಂಡ ಸ್ವಯಂಸೇವಾ ಸಂಘಗಳು, ರಾಜ್ಯ ಸರ್ಕಾರದ ಆಶ್ರಯದಲ್ಲಿ ನಡೆದುಬಂದ ಸಾಹಸ ಅಕಾಡೆಮಿ, ಮತ್ತು ಬೋಧಕರ ನೇತೃತ್ವದಲ್ಲಿ ವಾರಾಂತ್ಯದ ಶಿಲಾರೋಹಣ ಪ್ರವಾಸಗಳನ್ನು ನಡೆಸುವ ಖಾಸಗಿ ಸಂಸ್ಥೆಗಳು. ಈ ಮೂರೂ ಒಂದರ ಬೆನ್ನಿಗೆ ಒಂದು ಬಂದು, ಒಂದೇ ಬಂಡೆಗಳ ಮೇಲೆ ಒಂದೇ ಬಗೆಯ ಪಾಠವನ್ನು ಹೇಳಿಕೊಡುತ್ತ ಬಂದಿರುವುದರಿಂದ, ಅವುಗಳ ಚರಿತ್ರೆಯನ್ನು ಬಿಡಿಬಿಡಿಯಾಗಿ ಬರೆಯುವುದಕ್ಕಿಂತ ಒಟ್ಟಾಗಿ ನೋಡುವುದು ಹೆಚ್ಚು ಉಚಿತವಾದೀತು.

ಈ ಚರಿತ್ರೆಯ ಉದ್ದಕ್ಕೂ ಎದ್ದು ಕಾಣುವ ಸಂಗತಿ ಒಂದಿದೆ. ಬಂಡೆ ಹತ್ತುವ ಪಾಠ ಭಾರತದಲ್ಲಿ ಹಿಮಾಲಯದ ಪೂರ್ವಾಭ್ಯಾಸವಾಗಿ ಹುಟ್ಟಿತು. ದಖ್ಖನಿನ ಗ್ರಾನೈಟ್ ಬೆಟ್ಟಗಳಿಗೆ ಬಂದ ಮೇಲೆ ಅದು ತನ್ನಷ್ಟಕ್ಕೆ ತಾನೇ ಪೂರ್ಣವಾದ ವಿದ್ಯೆಯಾಯಿತು. ಹಿಮವನ್ನೇ ಕಾಣದ, ಕಾಣಬೇಕೆಂಬ ಹಂಬಲವೂ ಇಲ್ಲದ ಒಬ್ಬ ವಿದ್ಯಾರ್ಥಿಗೂ ಈ ಶಿಕ್ಷಣದಿಂದ ಏಕಾಗ್ರತೆ, ಹೊಣೆಗಾರಿಕೆ ಮತ್ತು ಸಹಚರನ ಮೇಲಿನ ವಿಶ್ವಾಸಗಳು ದೊರೆಯುತ್ತವೆ ಎಂಬುದನ್ನು ತೋರಿಸಿಕೊಟ್ಟದ್ದು ರಾಮನಗರ, ಸಾವನದುರ್ಗ, ತುರಹಳ್ಳಿಗಳಂತಹ ನೆಲೆಗಳು. ಇಂತಹ ವಿದ್ಯೆಯ ಜೀವಾಳ ಬಂಡೆಯಲ್ಲಿಯೂ ಇಲ್ಲ, ಉಪಕರಣದಲ್ಲಿಯೂ ಇಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ನಿಂತ ಬೋಧಕನಲ್ಲಿದೆ.

ನೆಲ ಮತ್ತು ಶಿಲೆ

ದಕ್ಷಿಣದಲ್ಲಿ ಕನಕಪುರದ ಆಸುಪಾಸಿನಿಂದ ಉತ್ತರಾಭಿಮುಖವಾಗಿ ಸುಮಾರು 400 ಕಿ.ಮೀ. ಉದ್ದಕ್ಕೆ ಕಿರಿದಾದ ಪಟ್ಟಿಯಂತೆ ಹಬ್ಬಿರುವ ಗ್ರಾನೈಟ್ ಶಿಲಾಸಮೂಹವನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಗುರುತಿಸುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗಾಗಿ ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಶಿಲೆಗೂ ಅದೇ ಹೆಸರು ಉಳಿದಿದೆ. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಸುತ್ತಲಿನ ನೈಸ್ ಶಿಲೆ, ಅಂದರೆ ಹಳೆಯ ಶಿಲೆಗಳು ಭೂಮಿಯ ಒಳಗಿನ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಬಗೆಯದು, ಇನ್ನೂ ಹಳೆಯದು. 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಬೆಂಗಳೂರಿನ ಲಾಲ್‌ಬಾಗ್ ಬಂಡೆ ಈ ಬಗೆಗೆ ಪ್ರಸಿದ್ಧ ಉದಾಹರಣೆ.

ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದಂತಹ ಕಪ್ಪು ಖನಿಜಗಳ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕ್ಲೋಸ್‌ಪೇಟೆ ಗ್ರಾನೈಟಿನ ಅನೇಕ ಕಡೆಗಳಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಬೆರಳ ಗಾತ್ರಕ್ಕೆ ಬೆಳೆದಿದ್ದು, ಸುತ್ತಲಿನ ಖನಿಜಗಳು ಮಳೆಗಾಳಿಗೆ ಸವೆದಂತೆ ಈ ಹರಳುಗಳು ಮೇಲ್ಮೈಯಿಂದ ತುಸು ಹೊರಚಾಚಿ ನಿಲ್ಲುತ್ತವೆ. ದೂರದಿಂದ ನುಣುಪಾಗಿ ಕಾಣುವ ಬಂಡೆಯ ಮೇಲೆ ಪಾದರಕ್ಷೆಯ ಅಟ್ಟೆ ಕಚ್ಚಿ ನಿಲ್ಲುವುದಕ್ಕೆ ಈ ಒರಟುತನವೇ ಕಾರಣ. ಮೇಲಿದ್ದ ಮಣ್ಣು ಮತ್ತು ಶಿಲೆಗಳು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ, ಆಳದಲ್ಲಿ ಒತ್ತಡಕ್ಕೆ ಸಿಕ್ಕಿದ್ದ ಗ್ರಾನೈಟ್ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಗುಮ್ಮಟದಂತಹ ಏಕಶಿಲಾ ಬೆಟ್ಟಗಳೂ, ಅವುಗಳ ಮೈಮೇಲಿನ ಉದ್ದುದ್ದ ಬಿರುಕುಗಳೂ, ತಟ್ಟಿದರೆ ಟೊಳ್ಳು ದನಿ ಕೊಡುವ ಚಕ್ಕೆಗಳೂ ಹೀಗೆ ಉಂಟಾದವು. ಶಿಲಾರೋಹಣದ ಬೋಧಕನಿಗೆ ಈ ಭೂವಿಜ್ಞಾನ ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ಯಾವ ಚಕ್ಕೆ ಭಾರವನ್ನು ತಡೆದೀತು, ಯಾವುದು ಕಿತ್ತು ಬಂದೀತು ಎಂಬ ನಿರ್ಣಯವನ್ನು ಅವನು ಪ್ರತಿದಿನ ಇದರ ಮೇಲೆಯೇ ಮಾಡಬೇಕಾಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 1,226 ಮೀಟರ್ ಎತ್ತರದಲ್ಲಿರುವ ಮಾಗಡಿ ತಾಲ್ಲೂಕಿನ ಸಾವನದುರ್ಗ, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದ್ದು, ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಶಿಖರಗಳನ್ನು ಹೊಂದಿದೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ರಾಮನಗರದಲ್ಲಿ ರಾಮದೇವರ ಬೆಟ್ಟವೂ ಅದರ ಸುತ್ತಲಿನ ಹತ್ತಾರು ಗುಡ್ಡಗಳೂ ಇವೆ. ತುಮಕೂರು ಜಿಲ್ಲೆಯ ಮಧುಗಿರಿ, ಕೋಲಾರದ ಅಂತರಗಂಗೆ, ಬೆಂಗಳೂರಿನ ಅಂಚಿನ ತುರಹಳ್ಳಿ, ತುಂಗಭದ್ರೆಯ ದಡದ ಹಂಪಿ, ಇವೆಲ್ಲವೂ ಬೇರೆ ಬೇರೆ ಕಾಲಗಳಲ್ಲಿ ಆರೋಹಿಗಳನ್ನು ಸೆಳೆದ ನೆಲೆಗಳು.

ಬೆಟ್ಟಗಳ ಹಿಂದಿನ ಬಾಳು

ಶಿಲಾರೋಹಣ ಒಂದು ವಿದ್ಯೆಯಾಗಿ ಬರುವುದಕ್ಕೆ ಬಹಳ ಹಿಂದೆಯೇ ಈ ಬಂಡೆಗಳು ಜನಜೀವನದ ಭಾಗವಾಗಿದ್ದವು. ಕಡಿದಾದ ಮೈಯೇ ರಕ್ಷಣೆಯಾದ್ದರಿಂದ ಮಾಗಡಿ ಸೀಮೆಯ ಪಾಳೆಯಗಾರರು ಇವುಗಳ ಮೇಲೆ ಕೋಟೆ ಕಟ್ಟಿದರು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುಸುಲ್ತಾನನ ವಶದಲ್ಲಿದ್ದ ಸಾವನದುರ್ಗವನ್ನು ಮುತ್ತಿ ಹಿಡಿಯಿತು. ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ಲಕ್ಷ್ಮೀನರಸಿಂಹಸ್ವಾಮಿ ದೇವಾಲಯಗಳೂ, ರಾಮದೇವರ ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯೂ ಇರುವುದರಿಂದ, ಭಕ್ತರು ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತುವುದು ನಿತ್ಯದ ಸಂಗತಿಯಾಗಿತ್ತು. ಜೇನು ತೆಗೆಯುವವರು, ದನ ಕಾಯುವವರು, ಕಲ್ಲುಕುಟಿಗರು, ಸೌದೆ ತರುವವರು ಈ ಬೆಟ್ಟಗಳ ಸಂದುಗೊಂದುಗಳನ್ನು ಬಲ್ಲವರಾಗಿದ್ದರು. ಹಗ್ಗ ಹೊತ್ತು ನಗರದಿಂದ ಬಂದ ಮೊದಲ ತಲೆಮಾರಿನ ಆರೋಹಿಗಳು ಕಾಲಿಟ್ಟದ್ದು ಹೀಗೆ ಬಳಕೆಯಲ್ಲಿದ್ದ ನೆಲದ ಮೇಲೆ ಎಂಬುದನ್ನು ಈ ಚರಿತ್ರೆಯಲ್ಲಿ ಮರೆಯಲಾಗದು.

ಡಾರ್ಜಿಲಿಂಗ್‌ನಿಂದ ಬಂದ ಪಠ್ಯಕ್ರಮ

1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಶಿಖರವನ್ನು ಮುಟ್ಟಿದ ಮೇಲೆ, ಭಾರತದ ಯುವಜನರಿಗೆ ಪರ್ವತಾರೋಹಣವನ್ನು ಕ್ರಮಬದ್ಧವಾಗಿ ಕಲಿಸುವ ಸಂಸ್ಥೆಯೊಂದು ಬೇಕೆಂಬ ವಿಚಾರ ಪ್ರಧಾನಿ ಜವಾಹರಲಾಲ್ ನೆಹರು ಮತ್ತು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿಧಾನ್‌ಚಂದ್ರ ರಾಯ್ ಅವರ ಆಸಕ್ತಿಯಿಂದ ಗಟ್ಟಿಯಾಯಿತು. ಸ್ವಿಟ್ಜರ್‌ಲೆಂಡಿನ ರೋಸೆನ್‌ಲೌಯಿಯಲ್ಲಿ ಪರ್ವತಾರೋಹಣ ಶಾಲೆ ನಡೆಸುತ್ತಿದ್ದ ಆರ್ನಾಲ್ಡ್ ಗ್ಲಾಟ್‌ಹಾರ್ಡ್ ಅವರಲ್ಲಿ 1954ರಲ್ಲಿ ತೇನ್‌ಸಿಂಗ್ ಮತ್ತು ಆಯ್ದ ಶೆರ್ಪಾಗಳು ಬೋಧನೆಯ ತರಬೇತಿ ಪಡೆದರು. ಅದೇ ವರ್ಷದ ನವೆಂಬರ್ 4ರಂದು ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಮೇಜರ್ ನರೇಂದ್ರ ಧರ್ ಜಯಾಲ್ ಮೊದಲ ಪ್ರಾಂಶುಪಾಲರಾದರು, ತೇನ್‌ಸಿಂಗ್ ಕ್ಷೇತ್ರ ತರಬೇತಿಯ ನಿರ್ದೇಶಕರಾದರು.

ಸಂಸ್ಥೆ ಹುಟ್ಟಿದ ಈ ಬಗೆಯಲ್ಲಿ ಗಮನಿಸಬೇಕಾದ ವಿವೇಕವಿದೆ. ಎವರೆಸ್ಟ್ ಏರಿ ಬಂದವನನ್ನೂ ಕಲಿಸುವ ವಿಧಾನವನ್ನು ಕಲಿಯಲು ಕಳುಹಿಸಲಾಯಿತು. ಹತ್ತಬಲ್ಲವನು ಹತ್ತಿಸಬಲ್ಲವನೂ ಆಗಿರುತ್ತಾನೆಂಬ ಊಹೆಗೆ ಆರಂಭದಲ್ಲಿಯೇ ಅವಕಾಶ ಕೊಡಲಿಲ್ಲ. ಬೋಧಕನ ತಯಾರಿಗೆ ಅಂದು ಕೊಟ್ಟ ಈ ಮಹತ್ವ ಮುಂದೆ ಬೋಧನಾ ವಿಧಾನದ ಪ್ರತ್ಯೇಕ ಕೋರ್ಸಿನ ರೂಪ ತಾಳಿತು. ಇಂದಿಗೂ ಪರ್ವತಾರೋಹಣ ಸಂಸ್ಥೆಗಳಲ್ಲಿ ಮೂಲ ಕೋರ್ಸು, ಉನ್ನತ ಕೋರ್ಸು, ಶೋಧ ಮತ್ತು ರಕ್ಷಣೆಯ ಕೋರ್ಸು, ಬೋಧನಾ ವಿಧಾನದ ಕೋರ್ಸು ಎಂಬ ಹಂತಗಳಿದ್ದು, ಮೂಲ ಕೋರ್ಸಿನಲ್ಲಿ ಉತ್ತಮ ಶ್ರೇಣಿ ಪಡೆದವರಿಗೆ ಮಾತ್ರ ಮುಂದಿನ ಹಂತದ ಬಾಗಿಲು ತೆರೆಯುತ್ತದೆ.

ಡಾರ್ಜಿಲಿಂಗ್‌ನ ಶಿಕ್ಷಣದಲ್ಲಿ ಹಿಮನದಿಗೆ ಹೋಗುವ ಮುನ್ನ ಬಂಡೆಯ ಮೇಲಿನ ಅಭ್ಯಾಸ ಬರುತ್ತಿತ್ತು. ಅದಕ್ಕಾಗಿ ಬಳಸುವ ಎರಡು ಬಂಡೆಗಳಿಗೆ ತೇನ್‌ಸಿಂಗ್ ಅವರ ಹೆಸರೂ, ಎವರೆಸ್ಟನ್ನು ಎರಡು ಬಾರಿ ಏರಿದ ಮೊದಲಿಗರಾದ ನವಾಂಗ್ ಗೊಂಬು ಅವರ ಹೆಸರೂ ಬಂದಿವೆ. 1965ರ ನವೆಂಬರ್ 14ರಂದು ಉತ್ತರಕಾಶಿಯಲ್ಲಿ ಸ್ಥಾಪನೆಯಾದ ನೆಹರು ಪರ್ವತಾರೋಹಣ ಸಂಸ್ಥೆಯೂ ಇದೇ ಕ್ರಮವನ್ನು ಅನುಸರಿಸಿತು. ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ ದೇಶದ ಆರೋಹಣ ಚಟುವಟಿಕೆಗಳನ್ನು ಒಗ್ಗೂಡಿಸುವ ಮಾತೃಸಂಸ್ಥೆಯಾಯಿತು. ರಾಷ್ಟ್ರೀಯ ಕೆಡೆಟ್ ದಳವು ಗ್ವಾಲಿಯರ್‌ನಲ್ಲಿಯೂ ಕೇರಳದ ನೆಯ್ಯಾರ್ ಅಣೆಕಟ್ಟಿನ ಬಳಿಯೂ ಶಿಲಾರೋಹಣ ಶಿಬಿರಗಳನ್ನು ನಡೆಸತೊಡಗಿ, ದಕ್ಷಿಣದ ಕಾಲೇಜು ವಿದ್ಯಾರ್ಥಿಗಳಿಗೂ ಈ ವಿದ್ಯೆಯ ಪರಿಚಯ ಮಾಡಿಕೊಟ್ಟಿತು.

ಕರ್ನಾಟಕದಲ್ಲಿ ಬೇರೂರಿದ ಬಗೆ

ಉತ್ತರದ ಸಂಸ್ಥೆಗಳಲ್ಲಿ ಕಲಿತು ಮರಳಿದ ಕನ್ನಡ ನಾಡಿನ ಯುವಕ ಯುವತಿಯರಿಗೆ ಬೆಂಗಳೂರಿನ ನೆರೆಯಲ್ಲಿಯೇ ಅಭ್ಯಾಸದ ನೆಲ ಸಿದ್ಧವಾಗಿತ್ತು. ಕರ್ನಾಟಕ ಪರ್ವತಾರೋಹಣ ಸಂಸ್ಥೆಯಂತಹ ಸ್ವಯಂಸೇವಾ ಸಂಘಗಳ ಸದಸ್ಯರು ಭಾನುವಾರಗಳಂದು ಹಗ್ಗ ಹೊತ್ತು ರಾಮನಗರಕ್ಕೂ ತುರಹಳ್ಳಿಗೂ ಹೋಗಿ, ತಾವು ಕಲಿತದ್ದನ್ನು ಹೊಸಬರಿಗೆ ಹೇಳಿಕೊಡುವ ಪರಿಪಾಠವನ್ನು ಬೆಳೆಸಿದರು. ಇಲ್ಲಿ ಗುರುವಿಗೆ ಸಂಬಳವಿರಲಿಲ್ಲ, ಶಿಷ್ಯನಿಗೆ ಪ್ರಮಾಣಪತ್ರವಿರಲಿಲ್ಲ. ಆದರೆ ಒಂದೇ ಬಂಡೆಗೆ ಮತ್ತೆ ಮತ್ತೆ ಹೋಗುವುದರಿಂದ ಉಂಟಾಗುವ ಆಳವಾದ ಪರಿಚಯವಿತ್ತು. ಯಾವ ಗೋಡೆ ಬೆಳಿಗ್ಗೆ ನೆರಳಿನಲ್ಲಿರುತ್ತದೆ, ಯಾವ ಬಿರುಕಿನಲ್ಲಿ ಹೆಜ್ಜೇನು ಕಟ್ಟುತ್ತದೆ, ಮಳೆ ನಿಂತ ಎಷ್ಟು ದಿನಕ್ಕೆ ನೀರಿನ ಜಾಡು ಒಣಗುತ್ತದೆ ಎಂಬ ತಿಳಿವಳಿಕೆ ಹೀಗೆ ಬಾಯಿಂದ ಬಾಯಿಗೆ ಸಾಗಿ ಸಂಚಯವಾಯಿತು.

ಈ ಪರಿಪಾಠಕ್ಕೆ ಸರ್ಕಾರದ ಬೆಂಬಲ ದೊರೆತದ್ದು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಮೂಲಕ. 1906ರಲ್ಲಿ ಮಡಿಕೇರಿಯಲ್ಲಿ ಜನಿಸಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಕರ್ತವ್ಯದಲ್ಲಿರುವಾಗಲೇ ನಿಧನರಾದ ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಸರನ್ನು ಈ ಅಕಾಡೆಮಿ ಹೊತ್ತಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಂಗವಾಗಿ ಕೆಲಸ ಮಾಡುವ ಅದು ಭೂಮಿ, ನೀರು ಮತ್ತು ಗಾಳಿಗೆ ಸಂಬಂಧಿಸಿದ ಸಾಹಸ ಚಟುವಟಿಕೆಗಳನ್ನು ನಡೆಸುತ್ತ ಬಂದಿದ್ದು, ಶಿಲಾರೋಹಣಕ್ಕೆ ಸಂಬಂಧಿಸಿದಂತೆ ರಾಮನಗರದ ಬಂಡೆಗಳನ್ನೇ ಮುಖ್ಯ ಪಾಠಶಾಲೆಯಾಗಿ ಮಾಡಿಕೊಂಡಿತು. ಸಂಘಗಳ ಕಾಲದಲ್ಲಿ ಪರಿಚಯಸ್ಥರ ವಲಯದೊಳಗೆ ಉಳಿದಿದ್ದ ವಿದ್ಯೆ, ಸರ್ಕಾರಿ ಶಿಬಿರಗಳ ಮೂಲಕ ಜಿಲ್ಲೆಗಳ ಶಾಲಾ ಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಮತ್ತು ಯುವಕ ಸಂಘಗಳ ಸದಸ್ಯರನ್ನು ಮುಟ್ಟಿತು. ಉಪಕರಣಗಳನ್ನು ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಕ್ಕಳಿಗೂ ಹಗ್ಗ, ಹೆಲ್ಮೆಟ್, ಬೋಧಕ, ಊಟ, ವಸತಿಗಳು ಒಂದೇ ಕಡೆ ದೊರೆತದ್ದು ಈ ಹಂತದ ದೊಡ್ಡ ಸಾಧನೆ.

ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಕೂಡ ಇಲ್ಲಿ ನೆನೆಯಬೇಕು. ಅಡ್ಡಡ್ಡ ಪದರಗಳಿಂದಾಗಿ ಕೈಗೆ ಒಳ್ಳೆಯ ಹಿಡಿತ ಕೊಡುವ ಬಾದಾಮಿಯ ಶಿಲೆ, ಕೈಹಿಡಿತವೇ ಇಲ್ಲದಂತೆ ಕಾಣುವ ರಾಮನಗರದ ಗ್ರಾನೈಟಿಗಿಂತ ತೀರ ಭಿನ್ನವಾದ ಚಲನೆಯನ್ನು ಬೇಡುತ್ತದೆ. ಬಾದಾಮಿಯಲ್ಲಿ ತೋಳಿನ ಬಲಕ್ಕೆ ಪ್ರಾಧಾನ್ಯವಾದರೆ, ರಾಮನಗರದಲ್ಲಿ ಪಾದದ ಮೇಲಿನ ನಂಬಿಕೆಗೆ ಪ್ರಾಧಾನ್ಯ. ಒಂದೇ ರಾಜ್ಯದೊಳಗೆ ಎರಡೂ ಬಗೆಯ ಶಿಲೆಗಳು ದೊರೆಯುವುದರಿಂದ ಇಲ್ಲಿ ಕಲಿತವರ ಅಭ್ಯಾಸಕ್ಕೆ ವಿಶೇಷ ವೈವಿಧ್ಯ ಬಂದಿದೆ.

ಪಾಠದ ಒಳಗೆ

ಗ್ರಾನೈಟ್ ಬಂಡೆಯ ಮೇಲಿನ ಮೊದಲ ದಿನದ ಪಾಠ ನೆಲದ ಮೇಲೆಯೇ ಆರಂಭವಾಗುತ್ತದೆ. ಹಗ್ಗವನ್ನು ಸುತ್ತುವುದು, ಬಿಚ್ಚುವುದು, ತುಳಿಯದಿರುವುದು, ಅದರ ಉದ್ದಕ್ಕೂ ಕೈಯಾಡಿಸಿ ಒಳಗಿನ ಎಳೆಗಳು ಪೆಟ್ಟು ತಿಂದಿರುವ ಮೆದುವಾದ ಭಾಗವೇನಾದರೂ ಇದೆಯೇ ಎಂದು ಪರೀಕ್ಷಿಸುವುದು ಮೊದಲ ಪಾಠಗಳು. ಆರೋಹಿಯ ಸೊಂಟ ಮತ್ತು ತೊಡೆಗಳನ್ನು ಬಳಸಿ ಬಿಗಿಯುವ ಪಟ್ಟಿಗೆ ಹಾರ್ನೆಸ್ ಎಂದೂ, ಹಗ್ಗಕ್ಕೂ ಹಾರ್ನೆಸ್ಸಿಗೂ ಕೊಂಡಿಯಾಗುವ, ತೆರೆದು ಮುಚ್ಚುವ ಲೋಹದ ಬಳೆಗೆ ಕ್ಯಾರಾಬಿನರ್ ಎಂದೂ ಹೆಸರು. ಹಾರ್ನೆಸ್ಸಿಗೆ ಹಗ್ಗವನ್ನು ಕಟ್ಟುವುದು ಎಂಟರ ಗಂಟಿನಿಂದ. ಹಗ್ಗದ ತುದಿಯಿಂದ ಒಂದು ತೋಳಿನುದ್ದ ಬಿಟ್ಟು ಎಂಟರ ಆಕಾರದ ಒಂಟಿ ಗಂಟನ್ನು ಹಾಕಿ, ತುದಿಯನ್ನು ಹಾರ್ನೆಸ್ಸಿನ ಎರಡೂ ಕುಣಿಕೆಗಳೊಳಗೆ ತೂರಿಸಿ, ಮೊದಲ ಗಂಟಿನ ಜಾಡನ್ನೇ ಹಿಡಿದು ಮರಳಿ ಹೆಣೆದು, ಕೊನೆಯಲ್ಲಿ ಗೇಣುದ್ದದ ತುದಿ ಉಳಿಯುವಂತೆ ಬಿಗಿಯಬೇಕು. ಸರಿಯಾಗಿ ಕಟ್ಟಿದ ಗಂಟಿನಲ್ಲಿ ಹಗ್ಗದ ಎಳೆಗಳು ಐದು ಕಡೆ ಜೋಡಿಜೋಡಿಯಾಗಿ, ಒಂದರ ಮೇಲೊಂದು ಹತ್ತದಂತೆ ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ಬೋಧಕನು ಈ ಐದು ಜೋಡಿಗಳನ್ನು ಬೆರಳಿಟ್ಟು ಎಣಿಸಿ ನೋಡುತ್ತಾನೆ. ಆಮೇಲೆ ಶಿಬಿರಾರ್ಥಿಗಳು ಒಬ್ಬರ ಗಂಟನ್ನು ಇನ್ನೊಬ್ಬರು ಎಣಿಸುತ್ತಾರೆ. ಎಷ್ಟೇ ಅನುಭವಿಯಾದರೂ ಈ ಪರಸ್ಪರ ಪರೀಕ್ಷೆಯಿಂದ ಯಾರಿಗೂ ವಿನಾಯಿತಿ ಇಲ್ಲ.

ಎರಡನೆಯ ಪಾಠ ಬಿಲೇ. ಏರುವವನ ಹಗ್ಗದ ಇನ್ನೊಂದು ತುದಿಯನ್ನು ಕೆಳಗಿನಿಂದ ಅಥವಾ ಮೇಲಿನಿಂದ ನಿಯಂತ್ರಿಸುತ್ತ, ಅವನು ಜಾರಿದ ಕ್ಷಣದಲ್ಲಿ ಹಗ್ಗವನ್ನು ತಡೆಹಿಡಿಯುವ ಕ್ರಿಯೆಗೆ ಈ ಹೆಸರಿದೆ. ಬಿಲೇ ಹಿಡಿದವನ ಒಂದು ಕೈ ಹಗ್ಗವನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಕೈ ತಡೆಯುತ್ತದೆ. ತಡೆಯುವ ಕೈ ಯಾವ ಕಾರಣಕ್ಕೂ ಹಗ್ಗವನ್ನು ಬಿಡಕೂಡದು ಎಂಬುದು ಈ ವಿದ್ಯೆಯ ಮೊದಲ ನಿಯಮ. ಗಾಳಿಯಲ್ಲಿ ಮಾತು ಕೇಳಿಸದೆ ಹೋಗುವುದರಿಂದ ಏರುವವನಿಗೂ ಹಿಡಿದವನಿಗೂ ನಡುವೆ ನಿಶ್ಚಿತವಾದ ಚಿಕ್ಕ ಚಿಕ್ಕ ಕೂಗುಗಳಿರುತ್ತವೆ: ಏರುತ್ತೇನೆ ಎಂಬ ಸೂಚನೆ, ಏರಬಹುದು ಎಂಬ ಉತ್ತರ, ಹಗ್ಗ ಸಡಿಲಿಸು, ಬಿಗಿಮಾಡು ಎಂಬ ಕೋರಿಕೆಗಳು, ಮತ್ತು ಕಲ್ಲು ಉರುಳಿದಾಗ ಕೆಳಗಿದ್ದವರೆಲ್ಲರಿಗೂ ಕೇಳುವಂತೆ ಕೊಡುವ ಎಚ್ಚರಿಕೆ. ಉತ್ತರ ಬಾರದೆ ಒಂದು ಹೆಜ್ಜೆಯನ್ನೂ ಇಡದಿರುವ ಅಭ್ಯಾಸ ಇಲ್ಲಿಂದಲೇ ಮೊದಲಾಗುತ್ತದೆ.

ಆರಂಭಿಕರಿಗೆ ಹಗ್ಗವನ್ನು ಬಂಡೆಯ ನೆತ್ತಿಯ ಆಧಾರದ ಮೂಲಕ ಹಾಯಿಸಿ ಹತ್ತಿಸುವ ಟಾಪ್ ರೋಪ್ ವಿಧಾನವನ್ನು ಬಳಸಲಾಗುತ್ತದೆ, ಏಕೆಂದರೆ ಇದರಲ್ಲಿ ಜಾರಿದವನು ಹೆಚ್ಚು ದೂರ ಬೀಳುವುದಿಲ್ಲ. ನೆತ್ತಿಯ ಆಧಾರವನ್ನು ಕಟ್ಟುವುದು ಬೋಧಕನ ಅತಿ ಮುಖ್ಯ ಕೆಲಸ. ಒಂದಕ್ಕೊಂದು ಸಂಬಂಧಿಸದ ಕನಿಷ್ಠ ಎರಡು ಆಧಾರಗಳು, ಒಂದು ಕಿತ್ತರೂ ಇನ್ನೊಂದು ತಡೆಯುವಂತಹ ಜೋಡಣೆ, ಮತ್ತು ಎರಡು ಆಧಾರಗಳ ಪಟ್ಟಿಗಳ ನಡುವೆ ಕಿರಿದಾದ ಕೋನ, ಇವು ಅದರ ಲಕ್ಷಣಗಳು. ಕೋನ ಹಿಗ್ಗಿದಷ್ಟೂ ಒಂದೊಂದು ಆಧಾರದ ಮೇಲಿನ ಎಳೆತ ಹೆಚ್ಚುತ್ತದೆ. 120 ಡಿಗ್ರಿಗೆ ತಲುಪಿದಾಗ ಎರಡರಲ್ಲಿ ಪ್ರತಿಯೊಂದೂ ಇಡೀ ಭಾರದಷ್ಟನ್ನೇ ಹೊರಬೇಕಾಗುತ್ತದೆ. ಈ ಲೆಕ್ಕವನ್ನು ಅರಿಯದೆ ಗಟ್ಟಿ ಹಗ್ಗ, ಗಟ್ಟಿ ಬಂಡೆ ಎಂದು ನೆಚ್ಚುವುದು ಅಪಾಯಕ್ಕೆ ದಾರಿ.

ಬಳಿಕ ಚಲನೆಯ ಪಾಠ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸ್ಥಿರವಾಗಿರುವಾಗ ನಾಲ್ಕನೆಯದನ್ನು ಮಾತ್ರ ಸರಿಸಬೇಕೆಂಬ ನಿಯಮವನ್ನು ಎಲ್ಲ ಬಗೆಯ ಬಂಡೆಗಳ ಮೇಲೂ ಕಲಿಸುತ್ತಾರೆ. ಗ್ರಾನೈಟಿನ ಇಳಿಜಾರು ಹಾಸುಗಳ ಮೇಲೆ ಇದರ ಜೊತೆಗೆ ಇನ್ನೊಂದು ತಿಳಿವಳಿಕೆ ಬೇಕು. ಹೆದರಿದ ಮನುಷ್ಯ ಸಹಜವಾಗಿ ಬಂಡೆಯನ್ನು ಅಪ್ಪಿಕೊಳ್ಳುತ್ತಾನೆ. ಹಾಗೆ ಅಪ್ಪಿಕೊಂಡಾಗ ದೇಹದ ಭಾರ ಪಾದಗಳನ್ನು ಬಂಡೆಗೆ ಒತ್ತುವ ಬದಲು ಕೆಳಕ್ಕೆ ಜಾರಿಸುತ್ತದೆ. ಸೊಂಟವನ್ನು ಬಂಡೆಯಿಂದ ದೂರವಿಟ್ಟು, ಹಿಮ್ಮಡಿಯನ್ನು ತಗ್ಗಿಸಿ, ಅಟ್ಟೆಯ ಮುಂಭಾಗವನ್ನು ಆದಷ್ಟು ಅಗಲವಾಗಿ ಊರಿ ನೆಟ್ಟಗೆ ನಿಂತಾಗ ಮಾತ್ರ ಘರ್ಷಣೆ ಕೆಲಸ ಮಾಡುತ್ತದೆ. ಭಯ ಹೇಳಿದ್ದಕ್ಕೆ ವಿರುದ್ಧವಾದುದನ್ನು ಅರಿತು ಮಾಡುವ ಈ ಅಭ್ಯಾಸವೇ ರಾಮನಗರದ ಶಿಲೆ ಕೊಡುವ ವಿಶಿಷ್ಟ ಶಿಕ್ಷಣ. ನೀರು ಹರಿದು ಪಾಚಿ ಕಟ್ಟಿದ ಕಪ್ಪು ಪಟ್ಟಿಗಳನ್ನು ದೂರವಿಡುವುದು, ಚಕ್ಕೆಯನ್ನು ಹಿಡಿಯುವ ಮುನ್ನ ತಟ್ಟಿ ದನಿ ಕೇಳುವುದು, ಬಿರುಕಿನಲ್ಲಿ ಮುಷ್ಟಿಯನ್ನೋ ಬೆರಳುಗಳನ್ನೋ ತಿರುಚಿ ಸಿಕ್ಕಿಸಿ ತೂಗುವುದು ಮುಂದಿನ ಹಂತದ ಪಾಠಗಳು.

ಇಳಿಯುವ ವಿದ್ಯೆಗೆ ರ‍್ಯಾಪಲಿಂಗ್ ಎಂದು ಹೆಸರು. ಹಗ್ಗವನ್ನು ತೊಡೆಯ ಸುತ್ತ ಹಾಯಿಸಿ, ಎದೆಯ ಮೇಲಿಂದ ಎದುರು ಭುಜಕ್ಕೆ ಏರಿಸಿ, ಬೆನ್ನ ಮೇಲೆ ಇಳಿಬಿಟ್ಟು, ಮೈಯ ಘರ್ಷಣೆಯಿಂದಲೇ ಇಳಿಯುವ ಹಳೆಯ ವಿಧಾನ ಜರ್ಮನಿಯ ಆರೋಹಿ ಹಾನ್ಸ್ ಡ್ಯೂಲ್ಫರನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಈಗ ಎಂಟರ ಆಕಾರದ ಲೋಹದ ಸಾಧನವೋ ಬೇರೆ ನಿಯಂತ್ರಕಗಳೋ ಬಳಕೆಯಲ್ಲಿದ್ದರೂ, ಸಾಧನ ಕೈಜಾರಿ ಬಿದ್ದುಹೋದ ಸಂದರ್ಭಕ್ಕೆಂದು ಹಳೆಯ ವಿಧಾನದ ಪರಿಚಯವನ್ನೂ ಮಾಡಿಕೊಡುವ ಪದ್ಧತಿಯಿದೆ. ರ‍್ಯಾಪಲಿಂಗ್ ನೋಡಲು ಸುಲಭ, ಆದರೆ ಇಲ್ಲಿ ದೇಹದ ಇಡೀ ಭಾರ ಉದ್ದಕ್ಕೂ ಹಗ್ಗದ ಮೇಲೆಯೇ ಇರುವುದರಿಂದ ಒಂದು ತಪ್ಪಿಗೆ ಎರಡನೆಯ ಅವಕಾಶವಿರುವುದಿಲ್ಲ. ಹಗ್ಗದ ತುದಿಯಲ್ಲಿ ತಡೆಗಂಟು ಹಾಕುವುದು, ಪ್ರೂಸಿಕ್ ಗಂಟಿನಂತಹ, ಭಾರ ಬಿದ್ದಾಗ ತಾನೇ ಬಿಗಿಯುವ ಎರಡನೆಯ ರಕ್ಷಣೆಯನ್ನು ಜೋಡಿಸುವುದು ಇದಕ್ಕಾಗಿಯೇ.

ಉಪಕರಣಗಳ ಬದಲಾವಣೆ, ಹೊಣೆಯ ಬದಲಾವಣೆ

ಮೊದಲ ತಲೆಮಾರಿನ ಆರೋಹಿಗಳು ಹಗ್ಗವನ್ನು ನೇರವಾಗಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಬಿಲೇ ಹಿಡಿಯುವವರು ಹಗ್ಗವನ್ನು ಭುಜದ ಮೇಲೋ ಸೊಂಟದ ಸುತ್ತಲೋ ಹಾಯಿಸಿ ತಮ್ಮ ಮೈಯನ್ನೇ ತಡೆಯಾಗಿಸುತ್ತಿದ್ದರು. ಸೆಣಬಿನ ಹಗ್ಗಗಳ ಜಾಗಕ್ಕೆ ನೈಲಾನ್ ಬಂದಿತು. 1953ರಲ್ಲಿ ಜರ್ಮನಿಯ ಏಡೆಲ್‌ರಿಡ್ ಕಂಪನಿ ಒಳಗಿನ ತಿರುಳು ಭಾರ ಹೊರುವ, ಹೊರಗಿನ ನೇಯ್ದ ಹೊದಿಕೆ ಅದನ್ನು ಕಾಯುವ ಬಗೆಯ ಹಗ್ಗವನ್ನು ತಯಾರಿಸಿತು. ಅಂತರರಾಷ್ಟ್ರೀಯ ಆರೋಹಣ ಒಕ್ಕೂಟದ ಮಾನದಂಡದಂತೆ, ಒಂಟಿಯಾಗಿ ಬಳಸುವ ಹಗ್ಗವು 80 ಕೆ.ಜಿ. ತೂಕವನ್ನು ಕಠಿಣ ಪರೀಕ್ಷೆಯಲ್ಲಿ ಕನಿಷ್ಠ 5 ಬಾರಿ ಬೀಳಿಸಿದರೂ ತುಂಡಾಗಬಾರದು, ಮತ್ತು ಮೊದಲ ಬೀಳಿನ ಎಳೆತ 12 ಕಿಲೋನ್ಯೂಟನ್ ಮೀರಬಾರದು. ಎರಡನೆಯ ನಿಯಮದ ಹಿಂದೆ ಮನುಷ್ಯನ ದೇಹದ ಮಿತಿಯ ಅರಿವಿದೆ. ಹಗ್ಗ ತುಂಡಾಗದೆ ಉಳಿದರೆ ಸಾಲದು, ಅದು ಹಿಗ್ಗಿ ಆಘಾತವನ್ನು ತಾನೇ ನುಂಗಬೇಕು. ಹತ್ತುವುದಕ್ಕೆ ಹಿಗ್ಗುವ ಹಗ್ಗವನ್ನೂ, ಇಳಿಯುವುದಕ್ಕೆ ಹೆಚ್ಚು ಹಿಗ್ಗದ ಹಗ್ಗವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಬಿರುಕುಗಳಿಗೆ ಸುತ್ತಿಗೆಯಿಂದ ಹೊಡೆದು ಕೂರಿಸುವ ಪಿಟಾನ್ ಎಂಬ ಉಕ್ಕಿನ ಮೊಳೆಗಳು ಬಹುಕಾಲ ರಕ್ಷಣೆಯ ಮುಖ್ಯ ಸಾಧನಗಳಾಗಿದ್ದವು. ಅಮೆರಿಕದ ಯೊಸೆಮಿಟಿ ಕಣಿವೆಯ ಗ್ರಾನೈಟ್ ಗೋಡೆಗಳಲ್ಲಿ ಪಿಟಾನುಗಳನ್ನು ಹೊಡೆದು ಕಿತ್ತು ಬಿರುಕುಗಳು ವಿಕಾರವಾದುದನ್ನು ಕಂಡು, ಈವಾನ್ ಶುನಾರ್ಡ್ ಮತ್ತು ಟಾಮ್ ಫ್ರಾಸ್ಟ್ 1972ರಲ್ಲಿ ಸುತ್ತಿಗೆ ಬೇಡದ, ಕೈಯಿಂದಲೇ ಸಿಕ್ಕಿಸಿ ತೆಗೆಯಬಹುದಾದ ಸಾಧನಗಳ ಬಳಕೆಯನ್ನು ಪ್ರತಿಪಾದಿಸಿದರು. ಗ್ರಾನೈಟ್ ಎಷ್ಟೇ ಗಟ್ಟಿಯಾದರೂ ಅದರ ಮೇಲೆ ಆದ ಗಾಯ ಮಾಯುವುದಿಲ್ಲವೆಂಬ ಆ ಅರಿವು ಕರ್ನಾಟಕದ ಬಂಡೆಗಳಿಗೂ ಅಷ್ಟೇ ಸಲ್ಲುತ್ತದೆ. ಬಿರುಕುಗಳೇ ಇಲ್ಲದ ಹಾಸುಗಳ ಮೇಲೆ ರಂಧ್ರ ಕೊರೆದು ಶಾಶ್ವತವಾಗಿ ಕೂರಿಸುವ ಬೋಲ್ಟುಗಳು ಅನಿವಾರ್ಯವಾದರೂ, ಎಲ್ಲಿ, ಎಷ್ಟು, ಯಾರು ಕೂರಿಸಬೇಕೆಂಬುದನ್ನು ಆರೋಹಿಗಳ ಸಮುದಾಯ ಒಟ್ಟಾಗಿ ತೀರ್ಮಾನಿಸುವುದೇ ಉತ್ತಮ ಪದ್ಧತಿ. ತುಕ್ಕು ಹಿಡಿದ ಹಳೆಯ ಬೋಲ್ಟುಗಳನ್ನು ಗುರುತಿಸಿ ಬದಲಾಯಿಸುವ ಕೆಲಸವೂ ಈ ಸಾಮೂಹಿಕ ಹೊಣೆಗೆ ಸೇರಿದೆ.

ಇದೇ ಅವಧಿಯಲ್ಲಿ ಹಗ್ಗವಿಲ್ಲದೆ ಕುಳ್ಳ ಬಂಡೆಗಳನ್ನು ಏರುವ ಬೋಲ್ಡರಿಂಗ್ ಎಂಬ ಪ್ರಕಾರವೂ ಬೆಳೆಯಿತು. ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಹಂಪಿಯ ಬಂಡೆಗಳನ್ನು ಏರಿದ ಚಿತ್ರಣವುಳ್ಳ ‘ಪಿಲ್‌ಗ್ರಿಮೇಜ್’ ಎಂಬ ಚಲನಚಿತ್ರ 2003ರಲ್ಲಿ ಬಂದ ಮೇಲೆ ಹಂಪಿಯ ಹೆಸರು ಜಗತ್ತಿನ ಆರೋಹಿಗಳಲ್ಲಿ ಹರಡಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆ ನಗರದ ಮಕ್ಕಳಿಗೆ ಸಂಜೆಯ ಅಭ್ಯಾಸದ ತಾಣವಾಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪೋರ್ಟ್ ಕ್ಲೈಂಬಿಂಗ್ ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರಿದಾಗ, ಹಿಮಾಲಯದ ಪೂರ್ವಾಭ್ಯಾಸವೆಂದು ಆರಂಭವಾದ ವಿದ್ಯೆಯ ಸ್ವತಂತ್ರ ಸ್ಥಾನಕ್ಕೆ ಜಾಗತಿಕ ಮುದ್ರೆ ಬಿದ್ದಂತಾಯಿತು.

ಬೋಧಕರ ನೇತೃತ್ವದ ಪ್ರವಾಸಗಳು

ಬೆಂಗಳೂರು ಬೆಳೆದಂತೆ, ವಾರಾಂತ್ಯದಲ್ಲಿ ಒಂದು ದಿನದ ಅಥವಾ ಎರಡು ದಿನಗಳ ಶಿಲಾರೋಹಣ ಪ್ರವಾಸಗಳನ್ನು ಶುಲ್ಕ ಪಡೆದು ನಡೆಸುವ ಸಂಸ್ಥೆಗಳು ಹೆಚ್ಚಿದವು. ಇವುಗಳಿಂದ ವಿದ್ಯೆಯ ಪರಿಚಯ ಸಾವಿರಾರು ಜನರಿಗೆ ದೊರೆಯಿತು. ಬೋಧನೆಯನ್ನೇ ವೃತ್ತಿಯಾಗಿ ಮಾಡಿಕೊಳ್ಳುವ ಅವಕಾಶ ಯುವಕರಿಗೆ ಒದಗಿತು. ಆದರೆ ಅನುಭವಕ್ಕಾಗಿ ಬರುವವನಿಗೂ ಕಲಿಕೆಗಾಗಿ ಬರುವವನಿಗೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿಡುವುದು ಇಂತಹ ಸಂಸ್ಥೆಗಳ ಧರ್ಮ. ಒಂದು ದಿನ ಹಗ್ಗಕ್ಕೆ ಕಟ್ಟಿಸಿಕೊಂಡು ಬಂಡೆ ಏರಿದವನು ಸಂತೋಷವನ್ನು ಗಳಿಸಿರುತ್ತಾನೆ, ಸ್ವತಂತ್ರವಾಗಿ ಹತ್ತುವ ಅರ್ಹತೆಯನ್ನಲ್ಲ. ಗಂಟು, ಬಿಲೇ, ಆಧಾರ, ರಕ್ಷಣೆ ಇವುಗಳನ್ನು ಬೋಧಕನ ಕಣ್ಣೆದುರು ಮತ್ತೆ ಮತ್ತೆ ಮಾಡಿ ತೋರಿಸಿದ ಮೇಲೆಯೇ ಆ ಅರ್ಹತೆ ಬರುತ್ತದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಹಯೋಗದಲ್ಲಿ 2018ರಲ್ಲಿ ಪ್ರಕಟವಾದ ಭಾರತೀಯ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಗಳು ಶಿಲಾರೋಹಣವನ್ನೂ ಒಳಗೊಂಡಿದ್ದು, ಬೋಧಕರ ಅರ್ಹತೆ, ಉಪಕರಣಗಳ ತಪಾಸಣೆ, ತುರ್ತುಸ್ಥಿತಿಯ ಸಿದ್ಧತೆಗಳ ಬಗೆಗೆ ಸಂಸ್ಥೆಗಳಿಗೆ ಒಂದು ಚೌಕಟ್ಟನ್ನು ಒದಗಿಸಿವೆ. ಒಳ್ಳೆಯ ಸಂಸ್ಥೆಯ ಗುರುತುಗಳು ಸರಳವಾದವು. ಪ್ರತಿಯೊಂದು ಹಗ್ಗಕ್ಕೂ ಕೊಂಡ ದಿನಾಂಕ ಮತ್ತು ಬಳಕೆಯ ದಾಖಲೆಯಿರುತ್ತದೆ. ಬಳಸದೆ ಇಟ್ಟ ಹಗ್ಗವನ್ನೂ ತಯಾರಕರು ಹೇಳಿದ ಅವಧಿ ಮುಗಿದ ಮೇಲೆ ವಿಸರ್ಜಿಸಲಾಗುತ್ತದೆ. ಪ್ರಥಮ ಚಿಕಿತ್ಸೆ ಬಲ್ಲವರು ತಂಡದಲ್ಲಿರುತ್ತಾರೆ, ಹತ್ತಿರದ ಆಸ್ಪತ್ರೆಗೆ ಸಾಗಿಸುವ ದಾರಿ ಮೊದಲೇ ನಿಶ್ಚಯವಾಗಿರುತ್ತದೆ. ಮಳೆ ಬಂದಾಗ, ಜೇನು ಎದ್ದಾಗ, ಬಿಸಿಲೇರಿ ಬಂಡೆ ಕಾದಾಗ ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಬೋಧಕನಿಗಿರುತ್ತದೆ, ಮತ್ತು ಶುಲ್ಕದ ಲೆಕ್ಕ ಆ ಅಧಿಕಾರಕ್ಕೆ ಅಡ್ಡ ಬರುವುದಿಲ್ಲ.

ಬೆಟ್ಟದ ಮೂಲನಿವಾಸಿಗಳು

ರಾಮದೇವರ ಬೆಟ್ಟದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ಜಾನುವಾರುಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಆ ಔಷಧದ ಪಶುವೈದ್ಯಕೀಯ ಬಳಕೆಗೆ ನಿಷೇಧ ಬಂದಿತು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶ ರಣಹದ್ದು ಧಾಮವಾಗಿ ಘೋಷಿತವಾದ ಮೇಲೆ, ಆರೋಹಿಗಳು ತಾವು ಬಹುಕಾಲದಿಂದ ಬಲ್ಲ ಗೋಡೆಗಳಿಂದ ದೂರ ಸರಿದು ನೆರೆಯ ಬೇರೆ ಗುಡ್ಡಗಳನ್ನು ಆಶ್ರಯಿಸಬೇಕಾಯಿತು. ಇದನ್ನು ನಷ್ಟವೆಂದು ಎಣಿಸಬಾರದು. ಗೋಡೆಯ ಮೇಲಿನ ಒಂದು ಚಾಚಿನಲ್ಲಿ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಬೇರೆ ನೆಲೆಯಿಲ್ಲ, ಆರೋಹಿಗೆ ಇದೆ.

ಹೆಜ್ಜೇನಿನ ವಿಷಯವೂ ಅಷ್ಟೇ ಗಂಭೀರವಾದುದು. ಸಾವನದುರ್ಗ ಮತ್ತು ರಾಮನಗರದ ಚಾಚುಬಂಡೆಗಳ ಅಡಿಯಲ್ಲಿ ಹೆಜ್ಜೇನುಗಳು ದೊಡ್ಡ ಹುಟ್ಟುಗಳನ್ನು ಕಟ್ಟುತ್ತವೆ. ಹೊಗೆ, ಸುಗಂಧದ್ರವ್ಯ, ಗದ್ದಲಗಳಿಂದ ಅವು ಕೆರಳಿದರೆ ಹಗ್ಗದಲ್ಲಿ ತೂಗುತ್ತಿರುವ ವ್ಯಕ್ತಿಗೆ ಓಡಿಹೋಗುವ ದಾರಿ ಇರುವುದಿಲ್ಲ. ಗೋಡೆಯನ್ನು ಆರಿಸುವ ಮುನ್ನ ಊರಿನವರನ್ನು ವಿಚಾರಿಸುವ ಬೋಧಕ ಇಂತಹ ಅನೇಕ ಅಪಾಯಗಳನ್ನು ತಪ್ಪಿಸುತ್ತಾನೆ. ಅರಣ್ಯ ಇಲಾಖೆಯ ಅನುಮತಿ, ದೇವಾಲಯದ ಆವರಣದ ಮರ್ಯಾದೆ, ಹಂಪಿ ಮತ್ತು ಬಾದಾಮಿಯಂತಹ ಕಡೆಗಳಲ್ಲಿ ಸ್ಮಾರಕಗಳ ಸಮೀಪದ ಬಂಡೆಗಳನ್ನು ಮುಟ್ಟದಿರುವ ಸಂಯಮ, ಇವು ಪಠ್ಯಕ್ರಮದ ಹೊರಗಿನ ಸಂಗತಿಗಳೆಂದು ತಿಳಿಯಲಾಗದು. ಗಣಿಗಾರಿಕೆಗೆ ಸಿಕ್ಕಿ ಕರಗಿಹೋದ ಗುಡ್ಡಗಳು ಈ ಸೀಮೆಯಲ್ಲಿ ಕಣ್ಣಿಗೆ ಕಾಣುವಂತೆಯೇ ಇರುವಾಗ, ಉಳಿದಿರುವ ಬಂಡೆಗಳ ಪರವಾಗಿ ಮಾತನಾಡಬೇಕಾದವರಲ್ಲಿ ಅವುಗಳನ್ನು ಏರಿ ಬಲ್ಲವರು ಮೊದಲಿಗರಾಗಬೇಕು.

ಮುಂದಿನ ಕೆಲಸ

ಸ್ವಯಂಸೇವಾ ಸಂಘಗಳು ಉತ್ಸಾಹವನ್ನೂ, ಸರ್ಕಾರಿ ಅಕಾಡೆಮಿ ವ್ಯಾಪ್ತಿಯನ್ನೂ, ಖಾಸಗಿ ಸಂಸ್ಥೆಗಳು ನಿರಂತರತೆಯನ್ನೂ ಈ ವಿದ್ಯೆಗೆ ತಂದುಕೊಟ್ಟಿವೆ. ಈ ಮೂರನ್ನೂ ಕೂಡಿಸುವ ಕೆಲವು ಕೆಲಸಗಳು ಉಳಿದಿವೆ. ಗುಡ್ಡಗುಡ್ಡದ ಆರೋಹಣ ಮಾರ್ಗಗಳನ್ನು, ಅವುಗಳನ್ನು ಮೊದಲು ಏರಿದವರ ನೆನಪುಗಳನ್ನು, ಬೋಲ್ಟುಗಳ ಸ್ಥಿತಿಯನ್ನು, ನಡೆದ ಅಪಘಾತಗಳಿಂದ ಕಲಿಯಬೇಕಾದ ಪಾಠಗಳನ್ನು ದಾಖಲಿಸುವ ಕೆಲಸ ಮೊದಲನೆಯದು. ಹಿರಿಯ ಬೋಧಕರು ನಮ್ಮ ನಡುವೆ ಇರುವಾಗಲೇ ಇದು ಆಗಬೇಕು. ಎರಡನೆಯದು, ಬೆಟ್ಟದ ಬುಡದ ಹಳ್ಳಿಗಳ ಯುವಕ ಯುವತಿಯರನ್ನು ಬೋಧಕರಾಗಿಯೂ ರಕ್ಷಣಾ ತಂಡವಾಗಿಯೂ ತಯಾರುಮಾಡುವುದು, ಏಕೆಂದರೆ ಅಪಘಾತವಾದಾಗ ಮೊದಲು ತಲುಪುವವರು ಅವರೇ. ಮೂರನೆಯದು, ಶಿಲಾರೋಹಣದ ಸುರಕ್ಷತೆಯನ್ನು ಕುರಿತು ಚಿತ್ರಗಳುಳ್ಳ ಒಂದು ಸಮಗ್ರ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುವುದು. ಗಂಟು ಮತ್ತು ಬಿಲೇಯ ಪಾಠ ಹಳ್ಳಿಯ ಶಾಲೆಯ ವಿದ್ಯಾರ್ಥಿಗೆ ಅವನ ಭಾಷೆಯಲ್ಲಿಯೇ ದೊರೆಯಬೇಕು.

ಈ ಕೆಲಸಗಳಿಗೆ ದೊಡ್ಡ ಕಟ್ಟಡಗಳೂ ದೊಡ್ಡ ಅನುದಾನಗಳೂ ಬೇಕಾಗಿಲ್ಲ. ಬಲ್ಲವರ ಸಮಯ ಮತ್ತು ಸಂಸ್ಥೆಗಳ ಪರಸ್ಪರ ಸಹಕಾರ ಬೇಕು. ಈ ಬಂಡೆಗಳ ಮೇಲೆ ಕಲಿತ ಪ್ರತಿಯೊಬ್ಬರೂ ತಮ್ಮಲ್ಲಿರುವ ಹಳೆಯ ಛಾಯಾಚಿತ್ರ, ಶಿಬಿರದ ಟಿಪ್ಪಣಿ, ಮಾರ್ಗದ ನಕ್ಷೆಗಳನ್ನು ತಾವು ಕಲಿತ ಸಂಸ್ಥೆಗೆ ಒಪ್ಪಿಸಿ, ವರ್ಷಕ್ಕೆ ಒಬ್ಬ ಹೊಸ ಬೋಧಕನನ್ನಾದರೂ ತಯಾರುಮಾಡುವ ಹೊಣೆಯನ್ನು ವಹಿಸಿಕೊಳ್ಳಬೇಕು.